ಬ್ಯಾಂಕಿನ ಲೆಕ್ಕ ನೇರ ನಮ್ಮ ಪುಸ್ತಕಕ್ಕೆ: ಯಾಕೆ ಬೇಕು, ಹೇಗೆ ಜೋಡಿಸಬೇಕು

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಯುಪಿಐ ಮೂಲಕ ಅವರ ಖಾತೆಗೆ ಬಂದ ಹಣವನ್ನು ಕೂಡಿಸಿ ನೋಡಿದ ಇಲಾಖೆ, ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿಯ ಜಿಎಸ್‌ಟಿ ನೋಂದಣಿ ಮಿತಿ ದಾಟಿದೆ, ವಿವರಣೆ ಕೊಡಿ ಎಂದು ಕೇಳಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸು ಬಂದ ಸುದ್ದಿ ಊರೂರಿಗೆ ಹಬ್ಬಿತು. ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಅಂಟಿದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ಗಲಾಟೆ ತಣ್ಣಗಾಯಿತು. ಆ ದಿನಗಳಲ್ಲಿ ವ್ಯಾಪಾರಿಗಳು ಕೊಟ್ಟ ಉತ್ತರ ಹೆಚ್ಚುಕಡಿಮೆ ಒಂದೇ ಆಗಿತ್ತು: ಬಂದದ್ದೆಲ್ಲ ವ್ಯಾಪಾರದ ದುಡ್ಡಲ್ಲ, ಕೊಟ್ಟ ಕೈಸಾಲ ವಾಪಸು ಬಂದಿದೆ, ನೆಂಟರು ಕಳಿಸಿದ್ದಿದೆ, ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರಿದ್ದಿದೆ. ಈ ಉತ್ತರದಲ್ಲಿ ನಿಜವಿತ್ತು. ಆದರೆ ನೋಟಿಸಿನಲ್ಲಿ ಕೇಳಿದ್ದ ನಾಲ್ಕು ವರ್ಷದ ಸಾವಿರಾರು ಸಾಲುಗಳಲ್ಲಿ ಯಾವುದು ಕೈಸಾಲ, ಯಾವುದು ಮಾರಾಟ ಎಂದು ಗುರುತು ಹಾಕಿಟ್ಟುಕೊಂಡವರು ಕಡಿಮೆ.

ಲೆಕ್ಕ ಇಡುವ ಪ್ರತಿಯೊಬ್ಬರೂ ಈ ಪ್ರಸಂಗದಿಂದ ಕಲಿಯಬೇಕಾದ ಪಾಠ ಒಂದಿದೆ. ಎಷ್ಟು ಹಣ, ಯಾವತ್ತು, ಯಾರಿಂದ ಬಂತು ಎಂಬುದು ಬ್ಯಾಂಕಿಗೆ ಗೊತ್ತು. ಯಾತಕ್ಕೆ ಬಂತು ಎಂಬುದು ಖಾತೆದಾರರಿಗೆ ಮಾತ್ರ ಗೊತ್ತು. ಬ್ಯಾಂಕಿನ ದಾಖಲೆ ವರ್ಷಗಟ್ಟಲೆ ಉಳಿಯುತ್ತದೆ. ಖಾತೆದಾರರ ನೆನಪು ವಾರ ದಾಟಿದರೆ ಮಸುಕಾಗುತ್ತದೆ. ಈ ಎರಡನ್ನೂ ನೆನಪು ಹಸಿಯಾಗಿರುವಾಗಲೇ ಒಂದು ಪುಸ್ತಕದಲ್ಲಿ ಕೂಡಿಸುವುದೇ ಲೆಕ್ಕದ ಜೀವಾಳ. ಇಂಟರ್‌ನೆಟ್ ಮೂಲಕ ನಡೆಯುವ ಕ್ಲೌಡ್ ಲೆಕ್ಕದ ಸಾಫ್ಟ್‌ವೇರುಗಳನ್ನು ಬ್ಯಾಂಕಿಗೆ ನೇರ ಜೋಡಿಸಿ, ಸ್ಟೇಟ್‌ಮೆಂಟು ತಾನಾಗಿ ಬಂದು ಕೂರುವಂತೆ ಮಾಡುವ ವ್ಯವಸ್ಥೆಯನ್ನು ಸಾಮಾನ್ಯವಾಗಿ ಸಮಯ ಉಳಿಸುವ ಅನುಕೂಲ ಎಂದು ಮಾರುತ್ತಾರೆ. ಸಮಯ ಉಳಿಯುವುದು ನಿಜ. ಅದಕ್ಕಿಂತ ದೊಡ್ಡ ಲಾಭವೆಂದರೆ, ಬ್ಯಾಂಕಿನ ಮಾತು ಯಾರೂ ತಿದ್ದದ ಹಾಗೆ, ನಮಗೆ ಕಾರಣ ನೆನಪಿರುವ ಹೊತ್ತಿನಲ್ಲೇ ನಮ್ಮ ಮುಂದೆ ಬರುತ್ತದೆ. ಆ ಕಾರಣಕ್ಕೇ ಇದು ದೊಡ್ಡ ಕಂಪನಿಗಳಿಗಿಂತ ಸಣ್ಣ ಅಂಗಡಿ, ಸಂಘ, ಸೊಸೈಟಿಗಳಿಗೆ ಹೆಚ್ಚು ಬೇಕಾದ ಸೌಲಭ್ಯ.

ಹೆಡತಲೆಯಂಥ ಊರಿನಲ್ಲಿ ಹಣ ಓಡುವ ಬಗೆ

ನಂಜನಗೂಡು ತಾಲ್ಲೂಕಿನ ಹೆಡತಲೆ, ಲಕ್ಷ್ಮೀಕಾಂತಸ್ವಾಮಿ ದೇವಾಲಯದಿಂದ ಹೆಸರಾದ ಊರು. ವ್ಯವಹಾರಕ್ಕೆ ಒಂದು ಕಡೆ ನಂಜನಗೂಡು, ಇನ್ನೊಂದು ಕಡೆ ಟಿ. ನರಸೀಪುರ. ಈ ಭಾಗದ ಊರುಗಳಲ್ಲಿ ಹತ್ತು ವರ್ಷದ ಹಿಂದೆ ಕೈಯಿಂದ ಕೈಗೆ ಓಡಾಡುತ್ತಿದ್ದ ಹಣ ಈಗ ಖಾತೆಯಿಂದ ಖಾತೆಗೆ ಓಡಾಡುತ್ತಿದೆ. ಹಾಲಿನ ಬಟವಾಡೆ ಖಾತೆಗೆ ಬರುತ್ತದೆ; ಲೀಟರಿಗೆ 5 ರೂಪಾಯಿಯ ಸರ್ಕಾರದ ಪ್ರೋತ್ಸಾಹಧನವೂ ಅಲ್ಲಿಗೇ, ಬೇರೆ ದಿನ, ಬೇರೆ ಸಾಲಾಗಿ ಬರುತ್ತದೆ. ಕಬ್ಬಿನ ಬಿಲ್ಲೂ ಖಾತೆಗೇ. ಕಬ್ಬು ಕಾರ್ಖಾನೆಗೆ ಸೇರಿದ 14 ದಿನದೊಳಗೆ ಹಣ ಕೊಡಬೇಕೆಂಬುದು 1966ರ ಕಬ್ಬು ನಿಯಂತ್ರಣ ಆದೇಶದ ನಿಯಮ. ಹದಿನೈದನೆಯ ದಿನ ಬಂದಿದೆಯೋ ಇಲ್ಲವೋ ಎಂದು ಗೊತ್ತಾಗಬೇಕಾದರೆ ಖಾತೆಯನ್ನು ಯಾರಾದರೂ ನೋಡುತ್ತಿರಬೇಕು. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ತಿಂಗಳಿಗೊಮ್ಮೆ ಪೇಟೆಗೆ ಹೋಗುವ ಪದ್ಧತಿ ಈ ಓಟಕ್ಕೆ ಸಾಲದು.

ಗೊಬ್ಬರದ ಅಂಗಡಿಯ ಖಾತೆಯ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಮೊದಲಿಗೆ ತಾರೀಖು, ಆಮೇಲೆ ‘ಯುಪಿಐ’, ‘ಸಿಆರ್’ ಎಂಬ ಗುರುತು, ಹನ್ನೆರಡು ಅಂಕಿಯ ಒಂದು ಸಂಖ್ಯೆ, ಕಳಿಸಿದವರ ಹೆಸರಿನ ಮೊದಲ ಕೆಲವು ಅಕ್ಷರ, ಅವರ ಬ್ಯಾಂಕಿನ ನಾಲ್ಕಕ್ಷರದ ಸಂಕೇತ, ಕೊನೆಗೆ 2,700 ರೂಪಾಯಿ ಜಮೆ. ಚೀಲಕ್ಕೆ 1,350ರಂತೆ ಎರಡು ಚೀಲ ಡಿಎಪಿ ಮಾರಿದರೆ ಬರುವುದೂ 2,700 ರೂಪಾಯಿಯೇ. ಆದರೆ ಅದು ಹೋದ ಹಂಗಾಮಿನ ಸಾಲದ ಬಾಕಿ ತೀರಿಸಿದ್ದೂ ಆಗಿರಬಹುದು, ಭಾವಮೈದ ಹಬ್ಬದ ಖರ್ಚಿಗೆ ಕಳಿಸಿದ ಪಾಲೂ ಆಗಿರಬಹುದು. ಮೊದಲನೆಯದು ಈ ವರ್ಷದ ಮಾರಾಟ, ಅದಕ್ಕೆ ಜಿಎಸ್‌ಟಿ ಉಂಟು. ಎರಡನೆಯದು ಹಿಂದೆಯೇ ಮಾರಾಟವೆಂದು ಬರೆದದ್ದರ ವಸೂಲಿ. ಮೂರನೆಯದು ವ್ಯಾಪಾರಕ್ಕೇ ಸಂಬಂಧಿಸಿದ್ದಲ್ಲ. ಬ್ಯಾಂಕಿನ ಸಾಲಿನಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಡೇರಿಯಲ್ಲಿ ಹಾಲು ಸುರಿದ ಹೊತ್ತಿಗೇ ಡಿಗ್ರಿ, ಫ್ಯಾಟ್ ನೋಡಿ ಬರೆದುಕೊಳ್ಳುತ್ತಾರೆ. ಹೋದ ತಿಂಗಳ ಹಾಲಿಗೆ ಇವತ್ತು ಫ್ಯಾಟ್ ಕಟ್ಟಲಾಗುವುದಿಲ್ಲ. ಹಣದ ಸಾಲಿಗೂ ಇದೇ ಮಾತು ಸಲ್ಲುತ್ತದೆ. ಬಂದ ದಿನ ಅಥವಾ ಮರುದಿನ ಹಾಕಿದ ಗುರುತಿಗೆ ಬೆಲೆ ಇದೆ. ಮಾರ್ಚಿ ಕೊನೆಯಲ್ಲಿ ಆಡಿಟರ್ ಕೇಳಿದಾಗ ಅಂದಾಜಿನಲ್ಲಿ ಹಾಕಿದ ಗುರುತು ಸಾಕ್ಷ್ಯವಾಗಿ ನಿಲ್ಲದು.

ಸಂಘಗಳ ವಿಷಯದಲ್ಲಿ ಇನ್ನೂ ಒಂದು ಕಾರಣವಿದೆ. ಅನೇಕ ಕಡೆ ನಗದು ಪುಸ್ತಕ ಬರೆಯುವವರೂ ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟು ತರುವವರೂ ಒಬ್ಬರೇ. ಆಗ ಬ್ಯಾಂಕಿನ ಕಾಗದ ಸ್ವತಂತ್ರ ಸಾಕ್ಷಿಯಾಗಿ ಉಳಿಯುವುದಿಲ್ಲ, ಲೆಕ್ಕ ಬರೆದವರೇ ತಂದು ತೋರಿಸುವ ಕಾಗದವಾಗುತ್ತದೆ. ಕಾರ್ಯದರ್ಶಿ ಎಷ್ಟೇ ಪ್ರಾಮಾಣಿಕರಾಗಿದ್ದರೂ ಈ ಏರ್ಪಾಟು ಅವರನ್ನು ಅನುಮಾನದಿಂದ ಕಾಪಾಡುವುದಿಲ್ಲ. ಸ್ಟೇಟ್‌ಮೆಂಟು ಬ್ಯಾಂಕಿನಿಂದ ನೇರ ಬಂದು, ಅಧ್ಯಕ್ಷರಿಗೂ ಒಬ್ಬಿಬ್ಬರು ನಿರ್ದೇಶಕರಿಗೂ ನೋಡಲಷ್ಟೇ ಅವಕಾಶವಿದ್ದರೆ ಪುಸ್ತಕ ಬರೆಯುವವರಿಗೆ ಅದೇ ರಕ್ಷಣೆ. ಸದಸ್ಯರಿಗೂ ಇದರಿಂದ ಉಪಯೋಗವಿದೆ. ಸಂಘದಿಂದ ನೆಫ್ಟ್ ಮೂಲಕ ಕಳಿಸಿದ ನೂರಾರು ಪಾವತಿಗಳಲ್ಲಿ ಒಬ್ಬ ಸದಸ್ಯರ ಖಾತೆ ಮುಚ್ಚಿದ್ದರೆ ಆ ಹಣ ಸಂಘದ ಖಾತೆಗೇ ವಾಪಸು ಬರುತ್ತದೆ. ಆ ವಾಪಸಾತಿಯ ಸಾಲನ್ನು ಅವತ್ತೇ ಕಂಡರೆ ಸರಿಯಾದ ಖಾತೆ ಸಂಖ್ಯೆ ಕೇಳಿ ಮತ್ತೆ ಕಳಿಸಬಹುದು. ಕಾಣದಿದ್ದರೆ ಪುಸ್ತಕದಲ್ಲಿ ಆ ಸದಸ್ಯರಿಗೆ ಹಣ ಮುಟ್ಟಿದೆ ಎಂದೇ ಇರುತ್ತದೆ, ಅವರ ಕೈಗೆ ಮಾತ್ರ ಬಂದಿರುವುದಿಲ್ಲ.

ಮೂರು ದಾರಿ, ಎರಡು ಸರಿ

ಬ್ಯಾಂಕಿನ ವಿವರ ಲೆಕ್ಕದ ಸಾಫ್ಟ್‌ವೇರಿಗೆ ಬರಲು ಮೂರು ದಾರಿಗಳಿವೆ. ಮೊದಲನೆಯದು, ಬ್ಯಾಂಕೂ ಸಾಫ್ಟ್‌ವೇರ್ ಕಂಪನಿಯೂ ಒಪ್ಪಂದ ಮಾಡಿಕೊಂಡು ಕಟ್ಟಿರುವ ನೇರ ಸಂಪರ್ಕ. ಇಲ್ಲಿ ಸಾಫ್ಟ್‌ವೇರಿನಲ್ಲಿ ಬ್ಯಾಂಕನ್ನು ಆರಿಸಿದಾಗ ಒಪ್ಪಿಗೆ ಕೇಳುವುದು ಬ್ಯಾಂಕು. ಅದರದೇ ಪುಟದಲ್ಲಿ, ಅದರದೇ ಒಟಿಪಿ ಹಾಕಿ ಅನುಮತಿ ಕೊಡಬೇಕು. ಕೆಲವು ಬ್ಯಾಂಕುಗಳು ಶಾಖೆಯಲ್ಲಿ ಸಹಿ ಮಾಡಿದ ಅರ್ಜಿಯನ್ನೂ ಕೇಳುತ್ತವೆ. ಪಾಸ್‌ವರ್ಡ್ ಸಾಫ್ಟ್‌ವೇರಿನವರ ಕೈಗೆ ಹೋಗುವುದೇ ಇಲ್ಲ. ಬೆಂಗಳೂರಿನ ಟ್ಯಾಲಿ ಸಂಸ್ಥೆ 2025ರಲ್ಲಿ ತಂದ ಟ್ಯಾಲಿಪ್ರೈಮ್ 6.0 ಆವೃತ್ತಿಯಲ್ಲಿ ಕೆಲವು ಬ್ಯಾಂಕುಗಳೊಂದಿಗೆ ಇಂಥ ಜೋಡಣೆ ಶುರುವಾಯಿತು. ಜೊಹೊ ಬುಕ್ಸ್‌ನಂಥ ಕ್ಲೌಡ್ ಸಾಫ್ಟ್‌ವೇರುಗಳಲ್ಲಿ ಅದಕ್ಕೂ ಮೊದಲಿನಿಂದ ಇದೆ. ಬ್ಯಾಂಕುಗಳ ಪಟ್ಟಿ ಬದಲಾಗುತ್ತಲೇ ಇರುವುದರಿಂದ, ದುಡ್ಡು ಕಟ್ಟುವ ಮೊದಲು ನಿಮ್ಮ ಬ್ಯಾಂಕು, ನಿಮ್ಮ ಬಗೆಯ ಖಾತೆ ಅದರಲ್ಲಿದೆಯೇ ಎಂದು ಕೇಳಿಕೊಳ್ಳಿ. ಚಾಲ್ತಿ ಖಾತೆಗೆ ಸಿಗುವ ಸೌಲಭ್ಯ ಉಳಿತಾಯ ಖಾತೆಗೆ ಸಿಗದೇ ಇರಬಹುದು.

ಎರಡನೆಯ ದಾರಿ ಕಡತದ್ದು. ನೆಟ್ ಬ್ಯಾಂಕಿಂಗ್‌ನಿಂದ ಎಕ್ಸೆಲ್ ಅಥವಾ ಸಿಎಸ್‌ವಿ ರೂಪದಲ್ಲಿ ಸ್ಟೇಟ್‌ಮೆಂಟು ಇಳಿಸಿ ಸಾಫ್ಟ್‌ವೇರಿಗೆ ಏರಿಸುವುದು; ಅಥವಾ ಬ್ಯಾಂಕು ನಿಗದಿತ ದಿನ ಇಮೇಲಿಗೆ ಕಳಿಸುವಂತೆ ಮಾಡಿಸಿಕೊಳ್ಳುವುದು. ದೊಡ್ಡ ವ್ಯವಹಾರದವರಿಗೆ ಬ್ಯಾಂಕುಗಳು ಎಂಟಿ940 ಎಂಬ ಅಂತಾರಾಷ್ಟ್ರೀಯ ಮಾದರಿಯ ಕಡತ ಕೊಡುತ್ತವೆ. ಅದರಲ್ಲಿ ಆರಂಭದ ಶಿಲ್ಕು, ಪ್ರತಿ ವಹಿವಾಟು, ಕೊನೆಯ ಶಿಲ್ಕು, ಎಲ್ಲಕ್ಕೂ ಗೊತ್ತಾದ ಜಾಗವಿರುವುದರಿಂದ ಒಂದು ಸಾಲು ತಪ್ಪಿದರೂ ಸಿಕ್ಕಿಬೀಳುತ್ತದೆ. ಈ ದಾರಿಯಲ್ಲಿ ನೆನಪಿಡಬೇಕಾದದ್ದು ಇಷ್ಟೇ: ಇಳಿಸಿದ ಕಡತವನ್ನು ತೆರೆದು ತಿದ್ದಬೇಡಿ. ಬ್ಯಾಂಕಿನಿಂದ ಬಂದ ಹಾಗೇ ಏರಿಸಿ, ಬಂದ ಹಾಗೇ ಒಂದು ಪ್ರತಿ ಎತ್ತಿಡಿ.

ಮೂರನೆಯ ದಾರಿಯಲ್ಲಿ ನಿಮ್ಮ ನೆಟ್ ಬ್ಯಾಂಕಿಂಗ್‌ನ ಯೂಸರ್ ಐಡಿ, ಪಾಸ್‌ವರ್ಡ್ ಎರಡನ್ನೂ ಇನ್ನೊಂದು ಕಂಪನಿಗೆ ಕೊಟ್ಟು, ಅವರ ಯಂತ್ರ ನಿಮ್ಮ ಹೆಸರಿನಲ್ಲಿ ಒಳಗೆ ಹೋಗಿ ಪುಟವನ್ನು ನಕಲು ಮಾಡಿಕೊಂಡು ಬರುತ್ತದೆ. ಇದು ಬೇಡ. ವಂಚನೆಯ ಹೊಣೆ ಯಾರದೆಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದೆ. ತಪ್ಪು ಹೊರಗಿನವರದಾಗಿದ್ದು, ಗ್ರಾಹಕರು ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಅವರ ಮೇಲೆ ಹೊರೆ ಬೀಳುವುದಿಲ್ಲ. ಪಾವತಿಯ ಗುಟ್ಟಿನ ವಿವರವನ್ನು ಗ್ರಾಹಕರೇ ಹಂಚಿಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದೇ. ಸ್ಟೇಟ್‌ಮೆಂಟು ತರಿಸಲು ಪಾಸ್‌ವರ್ಡ್ ಕೊಟ್ಟರೆ ನೋಡುವ ಹಕ್ಕಿನ ಜೊತೆಗೆ ಹಣ ತೆಗೆಯುವ ಬಾಗಿಲಿನ ಹತ್ತಿರಕ್ಕೂ ಅವರನ್ನು ಬಿಟ್ಟಂತೆ. ಬ್ರಿಟನ್ನಿನಲ್ಲಿ 2018ರ ಜನವರಿಯಿಂದ ದೊಡ್ಡ ಬ್ಯಾಂಕುಗಳು, ಗ್ರಾಹಕರ ಒಪ್ಪಿಗೆ ಇದ್ದರೆ ವಿವರ ಕೊಡುವ ಪ್ರತ್ಯೇಕ ದಾರಿಯನ್ನು ತೆರೆಯಲೇಬೇಕೆಂಬ ಕಟ್ಟಳೆ ಬಂದದ್ದರ ಹಿಂದೆಯೂ ಈ ಪಾಸ್‌ವರ್ಡ್ ಹಂಚಿಕೆ ತಪ್ಪಿಸುವ ಚಿಂತನೆ ಇತ್ತು.

ನಮ್ಮಲ್ಲಿ ಒಪ್ಪಿಗೆಯ ಮೇಲೆ ವಿವರ ಕೊಡುವ ಇನ್ನೊಂದು ವ್ಯವಸ್ಥೆ ಇದೆ, ಅದು ಅಕೌಂಟ್ ಅಗ್ರಿಗೇಟರ್. ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ಮಾಡಿತು; 2021ರ ಸೆಪ್ಟೆಂಬರಿನಲ್ಲಿ ದೊಡ್ಡ ಬ್ಯಾಂಕುಗಳೊಂದಿಗೆ ಇದು ಚಾಲನೆಗೆ ಬಂತು. ಯಾವ ಉದ್ದೇಶಕ್ಕೆ, ಎಷ್ಟು ತಿಂಗಳ ವಿವರ, ಎಷ್ಟು ದಿನದವರೆಗೆ ಎಂದು ಒಪ್ಪಿಗೆಯಲ್ಲೇ ಬರೆದಿರುತ್ತದೆ. ಬೇಡವೆನಿಸಿದಾಗ ವಾಪಸು ತೆಗೆದುಕೊಳ್ಳಬಹುದು. ನಡುವೆ ವಿವರ ಸಾಗಿಸುವ ಸಂಸ್ಥೆ ಅದನ್ನು ತೆರೆದು ಓದುವಂತಿಲ್ಲ. ಆದರೆ ವಿವರ ಪಡೆಯುವವರು ಹಣಕಾಸು ನಿಯಂತ್ರಕರ ಅಧೀನದ ಸಂಸ್ಥೆಯೇ ಆಗಿರಬೇಕೆಂಬ ನಿಯಮವಿದೆ. ಆದ್ದರಿಂದ ಲೆಕ್ಕದ ಸಾಫ್ಟ್‌ವೇರಿಗಿಂತ ಸಾಲದ ಅರ್ಜಿಗೆ ಇದರ ಉಪಯೋಗ ಹೆಚ್ಚು. ಸಾಲ ಕೊಡುವ ಬ್ಯಾಂಕು ಆರು ತಿಂಗಳ ಸ್ಟೇಟ್‌ಮೆಂಟಿನ ಜೆರಾಕ್ಸ್ ಕೇಳಿದಾಗ ಈ ದಾರಿಯಲ್ಲಿ ಕಳಿಸಬಹುದೇ ಎಂದು ಕೇಳಿ. ಇಬ್ಬರ ಸಹಿಯಲ್ಲಿ ನಡೆಯುವ ಸಂಘದ ಖಾತೆಗೆ ಮಾತ್ರ ಇದನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಜೋಡಿಸುವ ಕ್ರಮ

ಮೊದಲ ಕೆಲಸ ಕಂಪ್ಯೂಟರಿನಲ್ಲಲ್ಲ, ಬ್ಯಾಂಕಿನಲ್ಲಿ. ವ್ಯಾಪಾರಕ್ಕೆ ಒಂದು ಖಾತೆ, ಮನೆಗೆ ಇನ್ನೊಂದು ಖಾತೆ ಎಂದು ಬೇರೆ ಮಾಡಿ, ಅಂಗಡಿಯ ಕ್ಯೂಆರ್ ಫಲಕವನ್ನು ವ್ಯಾಪಾರದ ಖಾತೆಗೇ ಕಟ್ಟಿಸಿ. ಈ ಒಂದು ಹೆಜ್ಜೆಯಿಂದ ಅರ್ಧ ಗೊಂದಲ ಕಳೆಯುತ್ತದೆ. ಆಮೇಲೆ ಶುರುವಿನ ತಾರೀಖು ಗೊತ್ತು ಮಾಡಿ. ಏಪ್ರಿಲ್ 1 ಉತ್ತಮ, ಇಲ್ಲವಾದರೆ ಮುಂದಿನ ತಿಂಗಳ 1ನೇ ತಾರೀಖು. ಹಿಂದಿನ ರಾತ್ರಿ ಬ್ಯಾಂಕು ತೋರಿಸಿದ ಶಿಲ್ಕೇ ನಿಮ್ಮ ಪುಸ್ತಕದ ಆರಂಭದ ಶಿಲ್ಕಾಗಬೇಕು. ನೀವು ಕೊಟ್ಟಿದ್ದು, ಪಡೆದವರು ಇನ್ನೂ ಬ್ಯಾಂಕಿಗೆ ಹಾಕದ ಚೆಕ್ಕುಗಳಿದ್ದರೆ ಅವನ್ನು ಪಟ್ಟಿ ಮಾಡಿ ಪಕ್ಕಕ್ಕಿಡಿ. ಆ ತಾರೀಖಿಗಿಂತ ಹಿಂದಿನ ಸಾಲುಗಳನ್ನು ತರಿಸಬೇಡಿ. ಕೈಯಲ್ಲಿ ಬರೆದದ್ದೂ ಬ್ಯಾಂಕಿನಿಂದ ಬಂದದ್ದೂ ಸೇರಿ ಎರಡೆರಡು ಸಲ ಲೆಕ್ಕವಾಗುವುದು ಇಲ್ಲೇ. ಒಪ್ಪಿಗೆ ಕೊಡುವಾಗ ಅದು ‘ನೋಡಲು ಮಾತ್ರ’ ಎಂದಿದೆಯೇ, ಪಾವತಿಗೂ ಅಧಿಕಾರ ಕೇಳುತ್ತಿದೆಯೇ ಎಂದು ಓದಿ. ಸ್ಟೇಟ್‌ಮೆಂಟಿಗೆ ಪಾವತಿಯ ಅಧಿಕಾರ ಬೇಕಿಲ್ಲ.

ಜೋಡಣೆಯಾದ ಮೇಲೆ ದಿನವೂ ಹತ್ತು ನಿಮಿಷ ಕೊಡಬೇಕು. ಬಂದ ಪ್ರತಿ ಸಾಲಿಗೂ ಒಂದು ಗುರುತು: ಮಾರಾಟ, ಬಾಕಿ ವಸೂಲಿ, ಕೈಸಾಲ, ಮನೆಯ ಹಣ, ಬ್ಯಾಂಕ್ ಚಾರ್ಜು. ಬ್ಯಾಂಕ್ ಚಾರ್ಜು, ಕರೆಂಟ್ ಬಿಲ್ಲಿನಂಥ ತಿಂಗಳು ತಿಂಗಳು ಬರುವ ಸಾಲುಗಳಿಗೆ ಸಾಫ್ಟ್‌ವೇರಿನಲ್ಲಿ ನಿಯಮ ಹಾಕಿಟ್ಟರೆ ಅದೇ ಗುರುತಿಸಿಕೊಳ್ಳುತ್ತದೆ. ಜನರಿಂದ ಬಂದ ಹಣಕ್ಕೆ ಮಾತ್ರ ನಿಯಮ ಹಾಕಬೇಡಿ, ಕಣ್ಣಿಟ್ಟು ನೋಡಿ. ಮೂರು ಕಡೆ ಹೊಸಬರು ಎಡವುತ್ತಾರೆ. ಗಲ್ಲಾಪೆಟ್ಟಿಗೆಯ ನಗದನ್ನು ಬ್ಯಾಂಕಿಗೆ ಕಟ್ಟಿದಾಗ ಆ ಜಮೆ ಹೊಸ ಮಾರಾಟವೆಂದು ಲೆಕ್ಕಕ್ಕೆ ಹೋಗುತ್ತದೆ. ಅದು ಕಾಂಟ್ರಾ ನಮೂದು, ಅಂದರೆ ನಮ್ಮದೇ ಹಣ ಜಾಗ ಬದಲಿಸಿದ್ದು; ಮಾರಾಟ ಆಗಲೇ ನಗದು ಪುಸ್ತಕದಲ್ಲಿದೆ. ನಿಮ್ಮದೇ ಎರಡು ಖಾತೆಗಳ ನಡುವೆ ಹಣ ಸಾಗಿಸಿದರೂ ಹೀಗೇ. ಇನ್ನು ಕೆಲವು ಕ್ಯೂಆರ್ ಕಂಪನಿಗಳು ದಿನದ ಹಣವನ್ನೆಲ್ಲ ಕೂಡಿಸಿ, ತಮ್ಮ ಶುಲ್ಕ ಇದ್ದರೆ ಮುರಿದುಕೊಂಡು, ಒಂದೇ ಮೊತ್ತವಾಗಿ ಮರುದಿನ ಕಟ್ಟುತ್ತವೆ. ಆಗ ಬ್ಯಾಂಕಿನ ಒಂದು ಸಾಲಿನ ಜೊತೆಗೆ ಆ ಆ್ಯಪಿನ ದಿನದ ವರದಿಯನ್ನೂ ಇಟ್ಟುಕೊಳ್ಳದಿದ್ದರೆ ಯಾರು ಎಷ್ಟು ಕೊಟ್ಟರೆಂದು ಗೊತ್ತಾಗುವುದಿಲ್ಲ. ನಗದು ವ್ಯವಹಾರವನ್ನಂತೂ ಯಾವ ಬ್ಯಾಂಕೂ ಕಾಣಲಾರದು. ಸಂಜೆ ನಗದು ಪುಸ್ತಕ ಬರೆಯುವ ಅಭ್ಯಾಸ ಬಿಡುವ ಹಾಗಿಲ್ಲ.

ವಾರಕ್ಕೊಮ್ಮೆ ಶಿಲ್ಕು ತಾಳೆ ನೋಡಿ. ಸಾಫ್ಟ್‌ವೇರು ತೋರಿಸುವ ಶಿಲ್ಕೂ ಬ್ಯಾಂಕಿನ ಆ್ಯಪ್ ತೋರಿಸುವ ಶಿಲ್ಕೂ ಪೈಸೆಯವರೆಗೆ ಒಂದೇ ಇರಬೇಕು. ವ್ಯತ್ಯಾಸವಿದ್ದರೆ ಒಂದು ದಿನದ ಸಾಲುಗಳು ಬಂದಿಲ್ಲ, ಇಲ್ಲವೇ ಒಂದೇ ಸಾಲು ಎರಡು ಸಲ ಬಂದಿದೆ. ಬ್ಯಾಂಕಿನಿಂದ ಬಂದ ಮೊತ್ತವನ್ನು, ತಾರೀಖನ್ನು ಕೈಯಿಂದ ತಿದ್ದಿ ಸರಿದೂಗಿಸಬೇಡಿ. ರೈತ ಉತ್ಪಾದಕ ಕಂಪನಿ ನಡೆಸುವವರು ಈ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು. ಅವೂ ಕಂಪನಿಗಳೇ ಆದ್ದರಿಂದ, 2023ರ ಏಪ್ರಿಲ್ 1ರಿಂದ ಅವುಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾರು, ಯಾವಾಗ, ಏನು ತಿದ್ದಿದರು ಎಂಬ ದಾಖಲೆ ನಿಲ್ಲಿಸಲಾಗದಂತೆ ಇರಬೇಕೆಂದು ಕಾನೂನಿದೆ. ಲೆಕ್ಕದ ಬ್ಯಾಕಪ್ ದಿನವೂ ಭಾರತದೊಳಗಿನ ಸರ್ವರಿಗೆ ಹೋಗಬೇಕು. ಸಾಫ್ಟ್‌ವೇರು ಕೊಳ್ಳುವಾಗ ಇವೆರಡನ್ನೂ ಕೇಳಿ ಖಚಿತ ಮಾಡಿಕೊಳ್ಳಿ.

ಆಕ್ಷೇಪಗಳು

ನಮ್ಮ ಖಾತೆ ಇರುವುದು ಡಿಸಿಸಿ ಬ್ಯಾಂಕಿನಲ್ಲಿ, ಗ್ರಾಮೀಣ ಬ್ಯಾಂಕಿನಲ್ಲಿ; ಆ ಹೆಸರು ಪಟ್ಟಿಯಲ್ಲೇ ಇಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ನೇರ ಜೋಡಣೆಯ ಸೌಲಭ್ಯ ಮೊದಲು ತಲುಪಿರುವುದು ದೊಡ್ಡ ಬ್ಯಾಂಕುಗಳಿಗೆ. ಸಹಕಾರ ವಲಯದಲ್ಲಿ ಕೆಲಸ ಬೇರೆ ದಿಕ್ಕಿನಿಂದ ನಡೆದಿದೆ: 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಫ್ಟ್‌ವೇರಿಗೆ ತಂದು ಜಿಲ್ಲಾ ಮತ್ತು ರಾಜ್ಯ ಸಹಕಾರ ಬ್ಯಾಂಕುಗಳ ಮೂಲಕ ನಬಾರ್ಡ್‌ಗೆ ಜೋಡಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಅದರ ಹೊರಗಿರುವ ಡೇರಿ ಸಂಘ, ಸ್ತ್ರೀಶಕ್ತಿ ಗುಂಪು, ಅಂಗಡಿಯವರು ಎರಡನೆಯ ದಾರಿಯನ್ನೇ ಹಿಡಿಯಬಹುದು. ವಾರಕ್ಕೊಮ್ಮೆ ಏರಿಸಿದ ಕಡತವೂ ಮೂಲ ಉದ್ದೇಶವನ್ನು ಬಹುಮಟ್ಟಿಗೆ ಈಡೇರಿಸುತ್ತದೆ. ವಾರದ ನೆನಪು ಇನ್ನೂ ಕೈಯಲ್ಲಿರುತ್ತದೆ.

ಎಲ್ಲ ಜೋಡಿಸಿಟ್ಟರೆ ತೆರಿಗೆ ಇಲಾಖೆಗೆ ನಾವೇ ಬಾಗಿಲು ತೆರೆದಂತಾಗುವುದಿಲ್ಲವೇ ಎಂಬುದು ಎರಡನೆಯ ಅಂಜಿಕೆ. 2025ರ ನೋಟಿಸುಗಳು ಯಾರ ಲೆಕ್ಕದ ಸಾಫ್ಟ್‌ವೇರಿನಿಂದಲೂ ಹೊರಟದ್ದಲ್ಲ. ಯುಪಿಐ ಮಾಹಿತಿ ಇಲಾಖೆಯ ಕೈಗೆ ಬೇರೆ ದಾರಿಯಿಂದಲೇ ಸಿಕ್ಕಿತ್ತು. ಮೊತ್ತ ಅವರ ಬಳಿ ಇದ್ದು ಕಾರಣ ನಿಮ್ಮ ಬಳಿ ಬರಹದಲ್ಲಿ ಇಲ್ಲದಿದ್ದರೆ ವಾದ ಮಾಡಲು ನಿಮಗೆ ಏನೂ ಉಳಿಯುವುದಿಲ್ಲ. ನಗದಿಗೆ ಮರಳುವುದು ಪರಿಹಾರವಲ್ಲ. ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ನಾಳೆ ಸಾಲ ಕೇಳಲು ಹೋದಾಗ ತೋರಿಸಲು ವಹಿವಾಟೂ ಇರುವುದಿಲ್ಲ.

ಮೂರನೆಯದು, ಯಂತ್ರವನ್ನು ನಂಬಿ ಕೂರಬಹುದೇ ಎಂಬ ಪ್ರಶ್ನೆ. ಕೂರಬಾರದು. ಬ್ಯಾಂಕುಗಳೇ ಬದಲಾಗುತ್ತವೆ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ ಸೇರಿತು; 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿ, ಅದರ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ನಿಂತವು; ಮೈಸೂರಿನಲ್ಲಿ ಕೇಂದ್ರ ಕಚೇರಿ ಇದ್ದ ಕಾವೇರಿ ಗ್ರಾಮೀಣ ಬ್ಯಾಂಕ್ 2019ರಲ್ಲಿ ಒಮ್ಮೆ ವಿಲೀನವಾಯಿತು, ಹಾಗೆ ಹುಟ್ಟಿದ ಬ್ಯಾಂಕು 2025ರ ಮೇ 1ರಂದು ಮತ್ತೊಂದರೊಡನೆ ಸೇರಿತು. ಪ್ರತಿ ವಿಲೀನದಲ್ಲೂ ಹಳೆಯ ಜೋಡಣೆ ಕಡಿಯಬಹುದು. ಒಪ್ಪಿಗೆಯ ಅವಧಿ ಮುಗಿದರೂ ಸಾಲುಗಳು ಸದ್ದಿಲ್ಲದೆ ನಿಂತುಹೋಗುತ್ತವೆ. ಅದಕ್ಕೇ ವಾರದ ತಾಳೆ ಬೇಕು, ತಿಂಗಳಿಗೊಮ್ಮೆ ಬ್ಯಾಂಕಿನ ಪಿಡಿಎಫ್ ಸ್ಟೇಟ್‌ಮೆಂಟನ್ನು ಬೇರೆ ಕಡೆ ಉಳಿಸಿಡಬೇಕು. ಜಿಎಸ್‌ಟಿ ನೋಂದಣಿ ಇರುವವರು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕದ ಪುಸ್ತಕ ಇಟ್ಟಿರಬೇಕೆಂಬುದನ್ನೂ ಮರೆಯಬಾರದು. ಸಾಫ್ಟ್‌ವೇರಿನ ಚಂದಾ ನಿಲ್ಲಿಸುವ ಮೊದಲು ಎಲ್ಲವನ್ನೂ ಇಳಿಸಿಕೊಳ್ಳಿ.

ಲೆಕ್ಕ ಬರೆಯುವವರ ಕೆಲಸ ಹೋಗುತ್ತದೆ ಎಂಬ ಮಾತಿಗೆ ಆಧಾರ ಕಡಿಮೆ. ಹೋಗುವುದು ನೋಡಿ ನಕಲು ಮಾಡುವ ಕೆಲಸ. ಯಾತಕ್ಕೆ ಬಂತು ಎಂದು ಕೇಳಿ ಬರೆಯುವ, ಬರದ ಹಣವನ್ನು ಹುಡುಕುವ, ತಾಳೆಯಾಗದ್ದನ್ನು ಬೆನ್ನು ಹತ್ತುವ ಕೆಲಸ ಮನುಷ್ಯರದೇ; ಅದಕ್ಕೆ ಈಗ ಬಿಡುವು ಸಿಗುತ್ತದೆ.

ಸಾಫ್ಟ್‌ವೇರ್ ಯಾವುದೆಂಬ ಪ್ರಶ್ನೆ ಆಮೇಲಿನದು. ಈ ವಾರ ವ್ಯಾಪಾರದ ಖಾತೆಯನ್ನು ಮನೆಯ ಖಾತೆಯಿಂದ ಬೇರೆ ಮಾಡಿ. ಮುಂದಿನ ಸಲ ಶಾಖೆಗೆ ಹೋದಾಗ, ಲೆಕ್ಕದ ಸಾಫ್ಟ್‌ವೇರಿಗೆ ಸ್ಟೇಟ್‌ಮೆಂಟು ನೇರ ಕಳಿಸುವ ಸೌಲಭ್ಯ ಉಂಟೇ, ಇಲ್ಲದಿದ್ದರೆ ವಾರವಾರ ಇಮೇಲಿಗೆ ಕಳಿಸುತ್ತೀರಾ ಎಂದು ಕೇಳಿ. ಪಾಸ್‌ವರ್ಡನ್ನು ಯಾರಿಗೂ ಕೊಡಬೇಡಿ. ಹಣ ಹೋದ ಅನುಮಾನ ಬಂದ ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ಫೋನು ಮಾಡಿ. ಸಂಘದ ಸದಸ್ಯರಾಗಿದ್ದರೆ, ಬ್ಯಾಂಕಿನ ವಿವರ ನೋಡುವ ಅವಕಾಶ ಒಬ್ಬರಿಗಿಂತ ಹೆಚ್ಚು ಜನರಿಗೆ ಇರಲಿ ಎಂಬ ಠರಾವನ್ನು ಮುಂದಿನ ಮಹಾಸಭೆಯಲ್ಲಿ ಮಂಡಿಸಿ.